ಕಬರಸ್ತಾನದ ತಿರುವು

ಸೂಪರ್ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಸೈಕಲ್ ರಿಪೇರಿ ಮಾಡುವ ಜಹಾಂಗೀರನನ್ನು ವಾರದ ಆರು ದಿನ ಜನ ‘ಏ ಪಂಕ್ಚರ್’ ಎಂದು ಕರೆಯುತ್ತಾರೆ. ರವಿವಾರ ಬೆಳಿಗ್ಗೆ ಮಾತ್ರ ಅವನು ‘ಉಸ್ತಾದ್’. ಹಾಗೆ ಕರೆಯುವವರು ಅವನ ಜೊತೆ ಸೈಕಲ್ ಸವಾರಿಗೆ ಹೊರಡುವ ಸೇಡಂ ರಸ್ತೆಯ ಡಾಕ್ಟರು, ಇಂಜಿನಿಯರು, ಪ್ರೊಫೆಸರು, ಒಟ್ಟು ಎಂಟು ಮಂದಿ. ಲಕ್ಷ ಬೆಲೆಯ ಸೈಕಲ್ಲುಗಳು ಅವರವು. ಎಲ್ಲರಿಗಿಂತ ಮುಂದೆ ಹೋಗುವ ಹಳೆಯ ಸೈಕಲ್ಲು ಇವನದು. ಲಾರಿ ಓಡಾಡುವ ದೊಡ್ಡ ರಸ್ತೆ ತಪ್ಪಿಸಿ, ಹಳ್ಳಿಗಳನ್ನು ಹಾಯ್ದು ಕಮಲಾಪುರ ಮುಟ್ಟಿಸುವ ದಾರಿ ಇವನ ತಲೆಯಲ್ಲಿತ್ತು. ಯಾವ ಓಣಿಯ ನಾಯಿ ಬೆನ್ನು ಹತ್ತುತ್ತದೆ, ಎಲ್ಲಿಯ ಬೋರಿನ ನೀರು ಸಿಹಿ ಎಂಬುದೂ ಗೊತ್ತಿತ್ತು. ಹನ್ನೊಂದು ವರ್ಷ ಅವನ ಬೆನ್ನು ನೋಡಿಕೊಂಡೇ ಹೋದವರು ದಾರಿ ಕಲಿಯುವ ಗೋಜಿಗೆ ಹೋಗಲಿಲ್ಲ.

ಕಮಲಾಪುರ ಇನ್ನೂ ಹತ್ತು ಕಿಲೋಮೀಟರ್ ಇರುವಾಗ, ನಾಲ್ಕು ಹಾದಿ ಕೂಡುವಲ್ಲಿ, ಅವನೊಬ್ಬನೇ ಎಡಕ್ಕೆ ಹೊರಳುತ್ತಿದ್ದ. ಅಲ್ಲಿಯ ಕಬರಸ್ತಾನದಲ್ಲಿ ಅವನ ಅಬ್ಬಾ ಮಲಗಿದ್ದಾರೆ. ಅವನು ಫಾತಿಹಾ ಓದಿ ಬರುವ ತನಕ ಎಂಟೂ ಮಂದಿ ಬೇವಿನ ಗಿಡದ ಕೆಳಗೆ ನಿಲ್ಲುತ್ತಿದ್ದರು. “ಬರ್ತೀನಿ ಅಬ್ಬಾ, ದೊಡ್ಡ ದೊಡ್ಡ ಮಂದಿ ನನಗ ಕಾಯಾಕತ್ತಾರ” ಎಂದು ಗೋರಿಗೆ ಹೇಳಿ ಏಳುವಾಗ ಅವನ ಎದೆ ಉಬ್ಬುತ್ತಿತ್ತು. ಪಾಪ, ಹಾಗೇ ನಂಬಿದ್ದ.

ಈ ವರ್ಷ ಡಾಕ್ಟರ್ ಯಶವಂತ ಎರಡು ಜಿಪಿಎಸ್ ತರಿಸಿಕೊಂಡು ಅಂಗಡಿಗೇ ಬಂದರು. ಹ್ಯಾಂಡಲ್ಲಿಗೆ ಕೂಡಿಸಿದರೆ ದಾರಿ ತೋರಿಸುವ ಸಣ್ಣ ಡಬ್ಬಿಗಳು.

“ಉಸ್ತಾದ್, ಎಲ್ಲಾರೂ ಮೊದಲನೇ ಸಲ ತಗೋಳಾಕತ್ತೀವಿ. ಯಾವುದು ಛಲೋ, ನೀವ ಹೇಳ್ರಿ.”

ಬೇರೆಯವನಾಗಿದ್ದರೆ ಕೆಟ್ಟದ್ದನ್ನೇ ಆರಿಸಿ ಕೊಡುತ್ತಿದ್ದ. ಈ ಪುಣ್ಯಾತ್ಮ ಎರಡನ್ನೂ ಬಿಸಿಲಿಗೆ ಹಿಡಿದು ನೋಡಿದ. ಬೆರಳು ತಾಕಿಸಿ ನಡೆಸುವ ಚಂದದ ಡಬ್ಬಿಯಲ್ಲಿ ಅವನ ಮುಖ ಕಂಡಿತೇ ಹೊರತು ದಾರಿ ಕಾಣಲಿಲ್ಲ. ಬೆವರಿದ ಬೆರಳಿಗೆ ಅದು ಜಪ್ಪಯ್ಯ ಎನ್ನಲಿಲ್ಲ.

“ಗುಂಡಿ ಇರೋದು ತಗೋರಿ ಸಾಹೇಬ್ರ. ನಮ್ಮ ಬಿಸಲಿಗೆ ಅದೇ ಖರೆ.”

ಎಂಟೂ ಮಂದಿ ಅದನ್ನೇ ಕೊಂಡರು. ದಾರಿ ತುಂಬಿಸಿ ತರಲು ಒಂದು ಡಬ್ಬಿಯನ್ನು ಇವನ ಕೈಗೇ ಕೊಟ್ಟರು. ಒಬ್ಬನೇ ಹೋಗಿ, ತುಳಿದ ದಾರಿಯನ್ನೆಲ್ಲ ಅದರಲ್ಲಿ ಮೂಡಿಸಿ ತಂದ. ಹುಂಬ, ಕಬರಸ್ತಾನಕ್ಕೂ ಹೋಗಿಯೇ ಬಂದ! ಕಮಲಾಪುರದ ದಾರಿ ಎಂದರೆ ಅವನಿಗೆ ಅಬ್ಬಾನನ್ನು ಕಂಡು ಹೋಗುವ ದಾರಿಯೇ.

ಆ ರವಿವಾರ ಡಾಕ್ಟರು ಮುಂದೆ, ಉಸ್ತಾದ್ ಎಲ್ಲರಿಗಿಂತ ಹಿಂದೆ. ಡಬ್ಬಿ ಎಡಕ್ಕೆ ಎಂದಿತು. ತಲೆ ಬಗ್ಗಿಸಿ ಹೋದ ಎಂಟೂ ಮಂದಿ ಸೀದಾ ಕಬರಸ್ತಾನದ ಗೇಟಿಗೆ ಹೋಗಿ ನಿಂತರು.

“ಏನ್ ಉಸ್ತಾದ್, ಎಲ್ಲಿಗೆ ತಂದು ನಿಲ್ಲಿಸಿದ್ರಿ!” ಯಶವಂತ ನಕ್ಕರು. “ಇರ್ಲಿ ಬಿಡ್ರಿ, ಮನ್ಯಾಗ ಈ ತಿರುವಷ್ಟು ಕಟ್ ಮಾಡ್ತೀನಿ.”

ಕಟ್ ಮಾಡಿದರು. ಮುಂದಿನ ರವಿವಾರ ಅವನು “ಈಗ ಬಂದೆ ರೀ” ಎಂದು ಕೂಗಿ, ಎಂದಿನಂತೆ ಎಡಕ್ಕೆ ಹೊರಳಿದ. ಅವಸರದಲ್ಲೇ ಫಾತಿಹಾ ಮುಗಿಸಿ ಓಡಿ ಬಂದರೆ, ಬೇವಿನ ಗಿಡದ ಕೆಳಗೆ ಒಂದು ನರಪಿಳ್ಳೆಯೂ ಇಲ್ಲ. ಮಣ್ಣಿನಲ್ಲಿ ಎಂಟು ಸೈಕಲ್ಲುಗಳ ಗೆರೆ ಎಲ್ಲೂ ನಿಲ್ಲದೆ ನೇರ ಹೋಗಿತ್ತು. ಇಷ್ಟು ವರ್ಷ ಅವರು ಕಾದದ್ದು ತನಗೂ ಅಲ್ಲ, ಅಬ್ಬಾನಿಗೂ ಅಲ್ಲ, ಮುಂದಿನ ದಾರಿಗೆ ಎಂದು ಆಗ ತಿಳಿಯಿತು.

ಸೈಕಲ್ಲನ್ನು ಹಿಂದಕ್ಕೆ ತಿರುಗಿಸಿದ. ಗೋರಿಯ ಪಕ್ಕ ಕಾಲು ಚಾಚಿ ಕುಳಿತ.

“ಇವತ್ತ ಗಡಿಬಿಡಿ ಇಲ್ಲ ಅಬ್ಬಾ,” ಎಂದ. “ಯಾರೂ ಕಾಯಾಕತ್ತಿಲ್ಲ.”