ಭರಣಿಯಲ್ಲಿ ಎರಡು ಸ್ಟೀಲು ತುಂಡು

ಸ್ನೇಹಿತರೇ, ಇವತ್ತು ನಮ್ಮನೆಯ ಉಪ್ಪಿನಕಾಯಿ ಭರಣಿಯಿಂದ ಹೊರಬಂದದ್ದು ಅಪ್ಪೆಮಿಡಿಯಲ್ಲ, ಎರಡು ಸ್ಟೀಲು ತುಂಡು. ತಮ್ಮನ ಮಗಳು ಸುಮಾ ಹುಬ್ಬಳ್ಳಿಯಲ್ಲಿ ಎಂ.ಟೆಕ್. ಓದುತ್ತಾಳೆ. ಸ್ಟೇನ್‌ಲೆಸ್ ಸ್ಟೀಲನ್ನೂ ಉಪ್ಪು ತಿನ್ನುತ್ತದಂತೆ. ಪ್ಲಾಸ್ಮಾ ಎಂಬ ಮಿಂಚುವ ಬಿಸಿ ಅನಿಲದಲ್ಲಿಟ್ಟು ನೈಟ್ರೋಜನ್ ಕುಡಿಸಿದರೆ ತಾಳೀತೇ ಎಂಬುದು ಅವಳ ಪ್ರಾಜೆಕ್ಟು. ಹಿಂದಿನ ಸಲ ಕುಡಿಸಿದ ತುಂಡಿಗೇ ತುಕ್ಕು ಬಂದು, ಓದನ್ನೇ ಬಿಡುತ್ತೇನೆಂದು ಅತ್ತಿದ್ದಳು. ನಾನು ಸಮಾಧಾನಕ್ಕೆ "ಫೇಲ್ಯೂರ್ ಈಸ್ ದಿ ಸ್ಟೆಪ್ಪಿಂಗ್..." ಎಂದು ಶುರುಮಾಡಿ, ಮುಂದಿನದು ನೆನಪಾಗದೆ ಕೆಮ್ಮಿದ್ದೆ.

ಈ ಸಲ ಒಂದು ಮಾಮೂಲಿ, ಒಂದು ನೈಟ್ರೋಜನ್ ಕುಡಿದ ತುಂಡನ್ನು ಅವಳು ತಿಂಗಳ ಹಿಂದೆ ಮಿಡಿಯ ಉಪ್ಪುನೀರಿನಲ್ಲಿ ಮುಳುಗಿಸಿಟ್ಟಿದ್ದಳು, ಇವತ್ತು ತೆಗೆಯಬೇಕಿತ್ತು. "ದೊಡ್ಡಪ್ಪ, ನೀ ಮುಟ್ಟಡ, ಆನೇ ತೆಗಿತೆ" ಎಂದಳು. ಮಾಮೂಲಿ ತುಂಡಿನ ತುಂಬ ಕಂದು ಚುಕ್ಕೆ. ನೈಟ್ರೋಜನ್ ಕುಡಿದದ್ದಕ್ಕೆ ಒಂದೂ ಇಲ್ಲ!

"ಈ ಸಲ ಎಂತ ಮಾಡ್ದೆ ತಂಗಿ?"

"ಎಂತ ಇಲ್ಲೆ ದೊಡ್ಡಪ್ಪ, ಬಿಸಿ ಕಡಿಮೆ ಮಾಡ್ದಿ. ಜಾಸ್ತಿ ಆದ್ರೆ ತುಕ್ಕು ತಡೆಯ ಕ್ರೋಮಿಯಂನೇ ನೈಟ್ರೋಜನ್ ಕಟ್ಟಿಹಾಕ್ತು."

ನನಗೆ ಹಳೆಯ ಮಾತು ನೆನಪಾಯಿತು: "ಉರಿ ಸಣ್ಣ ಮಾಡಿ, ಎಷ್ಟ್ ಸಲ ಹೇಳವು?" ತೀರಿಕೊಂಡ ನನ್ನವಳು ಅಡುಗೆಮನೆಯಲ್ಲಿ ನನಗೆ ಜೀವಮಾನವಿಡೀ ಹೇಳಿದ್ದು ಇಷ್ಟೇ. ಅವಳೇನು ಎಂ.ಟೆಕ್. ಓದಿರಲಿಲ್ಲ.

ಅಷ್ಟರಲ್ಲಿ ಖುಷಿಗೆಂದು ನಾನು ಚಹಕ್ಕಿಟ್ಟ ಹಾಲು ಉಕ್ಕಿ ಒಲೆ ಸೇರಿತು. ಶುಭಶಕುನ ಎಂದುಬಿಟ್ಟೆ, ಸುಮಾ ಒಲೆಯ ಉರಿ ಸಣ್ಣ ಮಾಡಿದಳು.