ಮಸರ್ರತ್ ಬೇಗಂರ ಫ್ರೋಜನ್ ಪಿಂಚಣಿ

ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನಲ್ಲಿ ಇವತ್ತು ಹೊಟ್ಟೆ ಬೆಳೆಸಿಕೊಂಡು, ಟೈ ಕಟ್ಟಿಕೊಂಡು ದೊಡ್ಡ ಮನುಷ್ಯರ ಹಾಗೆ ಓಡಾಡುವವರಲ್ಲಿ ಎಷ್ಟೋ ಜನರ ಕುಂಡಿಗೆ ಮೊದಲ ಏಟು ಕೊಟ್ಟವರು ಮಸರ್ರತ್ ಬೇಗಂ. ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿತು, ಇಪ್ಪತ್ತನಾಲ್ಕನೇ ವಯಸ್ಸಿಗೆ ಇಲ್ಲಿಗೆ ಬಂದು, ಮೂವತ್ತಾರು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದವರು. ಗಂಡ ಜಮೀರ್ ಉಣ್ಣೆ ಮಿಲ್ಲಿನಲ್ಲಿ ಯಂತ್ರಗಳ ರಿಪೇರಿ ನೋಡಿಕೊಳ್ಳುತ್ತಿದ್ದರು. ಇಬ್ಬರ ಸಂಬಳದಲ್ಲೂ ಸರ್ಕಾರದ ಪಿಂಚಣಿಗೆಂದು ಕೊನೆಯವರೆಗೂ ಹಣ ಮುರಿದುಕೊಂಡಿದ್ದರು. ಅರವತ್ತು ತುಂಬಿದ ಮೇಲೆ ಮಸರ್ರತ್, ‘ಇನ್ನು ಈ ಚಳಿ ಸಾಕು’ ಎಂದು ಗಂಡನನ್ನು ಹೊರಡಿಸಿಕೊಂಡು ಮೈಸೂರಿನ ರಾಜೀವನಗರಕ್ಕೆ ಹೋಗಿ ಒಂದು ಫ್ಲ್ಯಾಟು ತೆಗೆದುಕೊಂಡರು.

ಅದೇ ಹೊತ್ತಿಗೆ ಆಕೆಯ ಜೊತೆ ಒಂದೇ ಪಾಳಿಯಲ್ಲಿ ಕೆಲಸ ಮಾಡಿದ ಇಬ್ಬರು ಗೆಳತಿಯರೂ ನಿವೃತ್ತರಾಗಿ ತಮ್ಮ ತಮ್ಮ ಊರು ಸೇರಿದರು. ಪರ್ಲ್ ಜಮೈಕಾಗೆ, ಕೋರಾ ಫಿಲಿಪ್ಪೀನ್ಸ್‌ಗೆ. ಮೂವರೂ ವಾಟ್ಸಾಪಿನಲ್ಲಿ ಗುಂಪು ಕಟ್ಟಿಕೊಂಡು, ಹಳೆಯ ವಾರ್ಡ್ ಸಿಸ್ಟರನ್ನು ಬೈದುಕೊಂಡು ಸುಖವಾಗಿದ್ದರು.

ಮರುವರ್ಷ ಏಪ್ರಿಲ್‌ನಲ್ಲಿ ಪರ್ಲ್ ಒಂದು ಕಾಗದದ ಫೋಟೋ ಕಳಿಸಿದಳು. ಪಿಂಚಣಿ ಏರಿತ್ತು. ಸ್ವಲ್ಪ ಹೊತ್ತಿಗೆ ಕೋರಾ ತನಗೂ ಏರಿದೆ ಎಂದಳು. ಮಸರ್ರತ್ ಮೂರು ವಾರ ಅಂಚೆಯವನ ದಾರಿ ಕಾದರು. ಕಾಗದ ಬರಲಿಲ್ಲ. ಕೊನೆಗೆ ಜಮೀರ್ ಪಿಂಚಣಿ ಕಚೇರಿಗೆ ಫೋನು ಹಚ್ಚಿದರು. ನಲವತ್ತು ನಿಮಿಷ ಪಿಟೀಲು ಕೇಳಿಸಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು.

“ನೀವು ಇಂಡಿಯಾದಲ್ಲಿದ್ದೀರಲ್ಲ, ಲವ್, ಅದಕ್ಕೆ ನೀವು ಫ್ರೋಜನ್,” ಎಂದಳು, ಆ ಕಡೆಯವರು ಎಲ್ಲರನ್ನೂ ಕರೆಯುವ ಸಲುಗೆಯಲ್ಲಿ.

ಮೈಸೂರಿನಲ್ಲಿ ಅವತ್ತು ಮೂವತ್ತೇಳು ಡಿಗ್ರಿ ಬಿಸಿಲು. ಕರೆಂಟು ಹೋಗಿತ್ತು. ಬನಿಯನ್ನಿನಲ್ಲಿ ಕೂತು ಬೀಸಣಿಗೆ ಬೀಸಿಕೊಳ್ಳುತ್ತಿದ್ದ ಜಮೀರ್, ತಾನು ಫ್ರೋಜನ್ ಎಂಬ ಮಾತನ್ನು ಎರಡು ಸಲ ಹೇಳಿಸಿಕೊಂಡರು.

ವಿಷಯ ಇಷ್ಟೇ. ಬ್ರಿಟನ್ ಬಿಟ್ಟು ಹೋದವರಲ್ಲಿ ಕೆಲವು ದೇಶಗಳಲ್ಲಿ ಇರುವವರಿಗೆ ಮಾತ್ರ ಪಿಂಚಣಿ ವರ್ಷ ವರ್ಷ ಏರುತ್ತದೆ. ಆ ದೇಶಗಳ ಜೊತೆ ಒಪ್ಪಂದವಿದೆಯಂತೆ. ಜಮೈಕಾ ಇದೆ, ಫಿಲಿಪ್ಪೀನ್ಸ್ ಇದೆ. ಇಂಡಿಯಾ ಇಲ್ಲ, ಕೆನಡಾ, ಆಸ್ಟ್ರೇಲಿಯಾಗಳೂ ಇಲ್ಲ. ಅಲ್ಲಿಗೆ ಹೋದವರಿಗೆ ವಿಮಾನ ಹತ್ತಿದ ದಿನ ಎಷ್ಟಿತ್ತೋ ಸಾಯುವವರೆಗೂ ಅಷ್ಟೇ. ಮಸರ್ರತ್ ಅವರದು ವಾರಕ್ಕೆ ನೂರಾ ಎರಡು ಪೌಂಡಿಗೆ ನಿಂತಿತ್ತು.

“ಮೂವರೂ ಒಂದೇ ಶಿಫ್ಟು ಮಾಡಿದ್ವಿ, ಒಂದೇ ಬೆಡ್‌ಪ್ಯಾನ್ ಎತ್ತಿದ್ವಿ. ಮೈಸೂರು ಏನು ಪಾಪ ಮಾಡಿತ್ತು ಇವರಿಗೆ?”

“ಟಿಪ್ಪು ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ ಅಂತ ಕಾಣುತ್ತೆ,” ಎಂದರು ಜಮೀರ್.

ಹಾಗೆಂದು ಊಟಕ್ಕೇನೂ ಕೊರತೆಯಾಗಿರಲಿಲ್ಲ. ಆಸ್ಪತ್ರೆಯ ಪಿಂಚಣಿ ಬೇರೆ ಬರುತ್ತಿತ್ತು. ಮಸರ್ರತ್‌ಗೆ ಉರಿಯುತ್ತಿದ್ದದ್ದು ಅವಮಾನ. ಪ್ರತಿ ಏಪ್ರಿಲ್‌ನಲ್ಲೂ ಪರ್ಲ್ ಪಾಪದವಳು, ಈ ಸಲ ಎಷ್ಟು ಏರಿತೆಂದು ಹೇಳದೆ ಬರೀ ಹೂವಿನ ಚಿತ್ರ ಕಳಿಸುತ್ತಿದ್ದಳು. ಅದು ಇನ್ನೂ ಚುಚ್ಚುತ್ತಿತ್ತು.

ಜಮೀರ್ ತೀರಿಕೊಂಡದ್ದು ಕೋವಿಡ್‌ನ ಎರಡನೇ ಅಲೆಯಲ್ಲಿ. ಮಗಳು ನಾಬಿಲಾ ಮ್ಯಾಂಚೆಸ್ಟರಿನ ಡಿಡ್ಸ್‌ಬರಿಯಲ್ಲಿ ಡಾಕ್ಟರು; ವಿಮಾನಗಳಿಲ್ಲದೆ ಬರಲಾಗಲಿಲ್ಲ. ಮಸರ್ರತ್ ಎರಡು ವರ್ಷ ಯಾರ ಮೇಲೂ ಸಿಟ್ಟು ಮಾಡಿಕೊಳ್ಳಲಿಲ್ಲ. ಅದನ್ನು ಕಂಡು ನಾಬಿಲಾಳಿಗೇ ಗಾಬರಿಯಾಗಿ, ಒಂದು ಬೇಸಿಗೆಗೆ ತಾಯಿಯನ್ನು ಕರೆಸಿಕೊಂಡಳು.

ಡಿಡ್ಸ್‌ಬರಿಯ ಸೋಫಾದಲ್ಲಿ ನಾಲ್ಕು ದಿನ ಕೂತ ಮಸರ್ರತ್ ಐದನೇ ದಿನ ರೈಲು ಹತ್ತಿ ಹಡರ್ಸ್‌ಫೀಲ್ಡ್‌ಗೆ ಹೋದರು. ನೆಟ್ಟಗೆ ನಡೆದದ್ದು ಅಲ್ಲಿನ ಎಂ.ಪಿ.ಯ ಕಚೇರಿಗೆ. ಎಂ.ಪಿ. ಇರಲಿಲ್ಲ. ಕ್ರೇಗ್ ಎಂಬ ಸಹಾಯಕ ಇದ್ದ. ನಲವತ್ತರ ಆಸುಪಾಸು, ತಲೆ ಬೋಳಾಗುತ್ತಿತ್ತು.

“ಇದು ಎಲ್ಲ ಸರ್ಕಾರಗಳೂ ಹಿಂದಿನಿಂದ ಪಾಲಿಸಿಕೊಂಡು ಬಂದಿರೋ ನೀತಿ, ಮೇಡಂ,” ಎಂದ ಕ್ರೇಗ್.

“ಸರಿ. ನಾನು ಇಲ್ಲಿಗೇ ವಾಪಸ್ ಬಂದು ನೆಲೆಸಿದರೆ?”

“ಆಗ ಪೂರ್ತಿ ಸಿಗುತ್ತೆ. ಈಗಿನ ರೇಟು.”

“ವಯಸ್ಸಾದವರ ಪುಕ್ಕಟೆ ಬಸ್ ಪಾಸು?”

“ಸಿಗುತ್ತೆ.”

“ನನ್ನ ಸೊಂಟದ ಕೀಲು ಸವೆದಿದೆ. ಆಪರೇಷನ್ ಮಾಡಿಸ್ಕೋಬಹುದಾ?”

“ನೆಲೆಸಿದರೆ ಖಂಡಿತ. ಸ್ವಲ್ಪ ಕಾಯಬೇಕಾಗುತ್ತೆ.”

“ಅಂದರೆ ನಾನು ಮೈಸೂರಲ್ಲಿ ಇದ್ದು ನಿಮಗೆ ಇಷ್ಟೆಲ್ಲ ಖರ್ಚು ಉಳಿಸ್ತಾ ಇದ್ದೀನಿ. ಅದಕ್ಕೆ ನೀವು ನನಗೆ ದಂಡ ಹಾಕ್ತಾ ಇದ್ದೀರಿ.”

ಕ್ರೇಗ್ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದ. “ನೀವು ಹಾಗೆ ಹೇಳಿದರೆ ಹಾಗೇ ಕಾಣುತ್ತೆ.”

“ಬೇರೆ ಹೇಗೆ ಹೇಳಬಹುದು, ನೀವೇ ಹೇಳಿ.”

ಕ್ರೇಗ್ ಒಂದು ಹಾಳೆ ಎಳೆದುಕೊಂಡು ಆಕೆಯ ಹೆಸರು ಬರೆದುಕೊಂಡ. ಎಂ.ಪಿ.ಯಿಂದ ಸಚಿವರಿಗೆ ಬರೆಸುತ್ತೇನೆ ಎಂದ.

ಸಂಜೆ ಮಸರ್ರತ್ ಮಗಳಿಗೆ ತಾನು ಮೈಸೂರಿಗೆ ಸದ್ಯಕ್ಕೆ ಹೋಗುವುದಿಲ್ಲ ಎಂದರು. ನಾಬಿಲಾಳಿಗೆ ಮನೆಮಾತು ಚೆನ್ನಾಗಿ ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನನ್ನ ಜೊತೆಗೇ ಇರಿ ಅಮ್ಮಿ, ಎಂದಳು ಖುಷಿಯಾಗಿ.

“ನಿನ್ನ ಜೊತೆ ಯಾಕೆ? ಹಡರ್ಸ್‌ಫೀಲ್ಡ್‌ನಲ್ಲಿ ಇರ್ತೀನಿ. ನನಗೆ ಬರಬೇಕಾದ್ದು ಅಲ್ಲಿದೆ.”

ಪಿಂಚಣಿ ಕಚೇರಿಯ ಫಾರ್ಮಿನಲ್ಲಿ ‘ಶಾಶ್ವತವಾಗಿ ನೆಲೆಸಲು ಬಂದಿದ್ದೀರಾ’ ಎಂಬ ಪ್ರಶ್ನೆಯಿತ್ತು. ಮಸರ್ರತ್ ಹೌದೆಂದು ಗುರುತು ಹಾಕಿದರು. ಎಪ್ಪತ್ಮೂರರ ವಯಸ್ಸಿನಲ್ಲಿ ಶಾಶ್ವತ ಅಂದರೆ ಎಷ್ಟು ದಿನವೆಂದು ಅವರು ಕೇಳಿರಲಿಲ್ಲ, ಆಕೆ ಹೇಳಲೂ ಇಲ್ಲ. ಹಡರ್ಸ್‌ಫೀಲ್ಡಿನ ಲಾಕ್‌ವುಡ್‌ನಲ್ಲಿ ಒಂದು ಕೋಣೆಯ ಫ್ಲ್ಯಾಟು ಸಿಕ್ಕಿತು. ಏರಿದ ಪಿಂಚಣಿಯ ಕಾಗದ ಬಂದ ದಿನ ಅದರ ಫೋಟೋ ತೆಗೆದು ಪರ್ಲ್‌ಗೂ ಕೋರಾಗೂ ಕಳಿಸಿದರು. ಆಮೇಲೆ ಅದೇ ಫೋಟೋ ಜಮೀರ್‌ಗೆ ಕಳಿಸಲು ಬೆರಳು ಅವರ ಹೆಸರನ್ನು ಹುಡುಕಿತು. ಆಕೆ ಫೋನು ಮಗುಚಿಟ್ಟು, ಆ ಮಧ್ಯಾಹ್ನ ಅಡುಗೆ ಮಾಡಲಿಲ್ಲ.

ಏರಿದ ದುಡ್ಡನ್ನೆಲ್ಲ ಹೀಟರು, ಕೌನ್ಸಿಲ್ ಟ್ಯಾಕ್ಸೆಂಬ ಮನೆ ತೆರಿಗೆಗಳೇ ನುಂಗಿದವು. ಮಸರ್ರತ್ ಸೇಡು ತೀರಿಸಿಕೊಂಡದ್ದು ಬಸ್ಸಿನಲ್ಲಿ. ಬೆಳಿಗ್ಗೆ ಒಂಬತ್ತೂವರೆಗೆ ಪಾಸು ಶುರುವಾಗುತ್ತಿದ್ದಂತೆ ಸ್ಟಾಪಿನಲ್ಲಿ ಹಾಜರು. ಹ್ಯಾಲಿಫ್ಯಾಕ್ಸಿಗೆ ಹೋಗಿ ಕೊತ್ತಂಬರಿ ತಂದರು. ಬ್ರ್ಯಾಡ್‌ಫರ್ಡಿಗೆ ಹೋಗಿ ಏನೂ ತರದೆ ಬಂದರು. ಒಂದು ದಿನ ಹಳೆಯ ಮನೆಯ ಬೀದಿಯಲ್ಲೂ ಹಾದು ಹೋದರು. ಜಮೀರ್ ಮೂವತ್ತು ವರ್ಷ ಸವರಿದ ಬೇಲಿಯನ್ನು ಕಿತ್ತು ಯಾರೋ ಕಾರು ನಿಲ್ಲಿಸಿದ್ದರು. ಆಕೆ ಇಳಿಯಲಿಲ್ಲ.

ಸೊಂಟದ ಆಪರೇಷನ್‌ಗೆ ಕಾದದ್ದು ಹದಿನಾಲ್ಕು ತಿಂಗಳು. ಅಷ್ಟರಲ್ಲಿ ಎರಡು ಚಳಿಗಾಲ ಕಳೆದವು. ಎರಡನೆಯದರಲ್ಲಿ ಮಸರ್ರತ್ ಮಗಳಿಗೆ ಫೋನು ಮಾಡಿ, “ನಿಮ್ಮ ದೇಶದಲ್ಲಿ ಸೂರ್ಯ ಏನು ಅರ್ಧ ಸಂಬಳಕ್ಕೆ ಕೆಲಸ ಮಾಡ್ತಾನಾ?” ಎಂದು ಕೇಳಿದರು. ಮೈಸೂರಿನ ಮೇಲಿನ ಮನೆಯ ಭಾಗೀರಥಿ ದಿನಾ ವಿಡಿಯೋ ಕಾಲ್ ಮಾಡಿ ಟೆರೇಸಿನ ಮೇಲಿನ ಹಪ್ಪಳ ತೋರಿಸುತ್ತಿದ್ದರು. ಮಸರ್ರತ್ ಹಪ್ಪಳ ನೋಡುತ್ತಿರಲಿಲ್ಲ, ಬಿಸಿಲು ನೋಡುತ್ತಿದ್ದರು.

ಫೆಬ್ರವರಿಯಲ್ಲಿ ಹೊಸ ಕೀಲು ಕೂತಿತು. ಏಪ್ರಿಲ್‌ನಲ್ಲಿ ಪಿಂಚಣಿ ಮತ್ತೆ ಏರಿ ನೂರಾ ಎಪ್ಪತ್ತಾರಕ್ಕೆ ಬಂತು. ಅದೇ ವಾರ ಕ್ರೇಗ್‌ನಿಂದ ಕಾಗದ. ಸಚಿವರ ಕಡೆಯಿಂದ ಉತ್ತರ ಬಂದಿದೆ, ನೀತಿ ಬದಲಾಗಿಲ್ಲ. ಕೆಳಗೆ ಅವನೇ ಕೈಯಲ್ಲಿ ಬರೆದಿದ್ದ: ಈಗ ನೀವು ಮತ್ತೆ ಹೊರಟರೆ ಹಳೆಯ ರೇಟಿಗೆ ಇಳಿಸುವುದಿಲ್ಲ, ಈಗಿನದರಲ್ಲೇ ನಿಲ್ಲಿಸುತ್ತಾರೆ, ನಿಮಗೆ ಗೊತ್ತಿರಲಿ ಎಂದು ತಿಳಿಸಿದ್ದೇನೆ.

ಮಸರ್ರತ್ ಅದನ್ನು ಎರಡು ಸಲ ಓದಿದರು. ಮೇ ತಿಂಗಳಿಗೆ ಟಿಕೆಟು ತೆಗೆದರು.

ಮ್ಯಾಂಚೆಸ್ಟರ್ ವಿಮಾನ ನಿಲ್ದಾಣಕ್ಕೆ ನಾಬಿಲಾ ಮುಖ ಊದಿಸಿಕೊಂಡೇ ಕಾರು ಓಡಿಸಿದಳು. “ಅಮ್ಮಿ, ಇಲ್ಲೇ ಇದ್ದರೆ ಪ್ರತಿ ವರ್ಷ ಏರ್ತಿತ್ತು. ಈಗ ಮತ್ತೆ ಫ್ರೀಜ್.”

“ಆಗಲಿ. ಅದು ಫ್ರೀಜ್ ಆದರೆ ಆಗಲಿ, ನಾನು ಆಗಲ್ಲ.”

“ಮತ್ತೆ ಇಷ್ಟೆಲ್ಲ ಯಾಕೆ ಮಾಡಿದ್ರಿ?”

“ನಿಮ್ಮ ಅಬ್ಬಾ ಹೋದ ಮೇಲೆ ಬೆಳಿಗ್ಗೆ ಏಳೋಕೆ ಏನಾದರೂ ಬೇಕಿತ್ತು, ಬೇಟಾ. ಸರ್ಕಾರ ಸಿಕ್ಕಿತು.”

ನಾಬಿಲಾ ತಾಯಿಯ ಕೈ ಹಿಡಿದು, ಗೇರು ಹಾಕಬೇಕಾದಾಗ ಬಿಟ್ಟಳು. ವಿಮಾನ ನಿಲ್ದಾಣದ ಭದ್ರತಾ ತಪಾಸಣೆಯಲ್ಲಿ ಹೊಸ ಕೀಲಿಗೆ ಯಂತ್ರ ಕಿರುಚಿತು. ಮಸರ್ರತ್ ಕೈ ಎರಡೂ ಎತ್ತಿ ನಿಂತು, ಇದು ನಿಮ್ಮ ಸರ್ಕಾರದ್ದೇ, ಕದ್ದದ್ದಲ್ಲ, ಎಂದು ತಪಾಸಣೆಗೆ ನಿಂತಿದ್ದ ಹೆಣ್ಣುಮಗಳಿಗೆ ವಿವರವಾಗಿ ಹೇಳಿದರು. ಹಿಂದೆ ಸಾಲು ಬೆಳೆಯುತ್ತಿತ್ತು.