ಗೋಡೆಯಾಚೆಯ ಬಿಯರ್ ಪೆಟ್ಟಿಗೆ

ನನ್ನ ಚೊಚ್ಚಲ ಬಾಣಂತನ ಅಫಜಲಪುರದ ತವರಿನಲ್ಲಿ ಆಯಿತು. ತೊಂಬತ್ತರ ದಶಕದ ಮೊದಲ ವರ್ಷಗಳವು. ಗಂಡನ ಮನೆ ಜೇವರ್ಗಿ. ಅಲ್ಲಿ ಹದಿಮೂರು ಜನ, ನಾನು ಹಿರಿಯ ಸೊಸೆ. ಅತ್ತೆ ಕೆಟ್ಟವರಲ್ಲ, ಆದರೆ ತಾವೂ ಕೂರುವವರಲ್ಲ, ಇನ್ನೊಬ್ಬರನ್ನೂ ಕೂರಗೊಡುವವರಲ್ಲ. ಅಲ್ಲಿಗೆ ಹೋದ ಮರುದಿನವೇ ರೊಟ್ಟಿ ಬಡಿಯಬೇಕಾಗುತ್ತದೆಂದು ಗೊತ್ತಿದ್ದರಿಂದ, ಐದು ತಿಂಗಳು ತವರಿನ ಹೊರಸಿನ ಮೇಲೆ ಬಿದ್ದುಕೊಂಡಿರುವುದು ನನ್ನ ಹಕ್ಕು ಎಂದು ತೀರ್ಮಾನಿಸಿಕೊಂಡಿದ್ದೆ.

ಬಾಣಂತಿಗೆಂದು ಸಿಕ್ಕಿದ್ದು ಒಂದೇ ಕೋಣೆ. ಮೂಲೆಯಲ್ಲಿ ಬಚ್ಚಲು, ಗೋಡೆಗೆ ಹಚ್ಚಿ ಹೊರಸು, ಅದರ ಕೆಳಗೆ ಕೆಂಡ. ಗೋಡೆ ಕಲ್ಲು ಮಣ್ಣಿನದು. ಗೋಡೆಯಾಚೆ ಒಂದು ಬಾರು. ಅದನ್ನು ನಡೆಸುತ್ತಿದ್ದವನು ಹೈಸ್ಕೂಲಿನಲ್ಲಿ ಅಪ್ಪನ ಹತ್ತಿರ ವಿಜ್ಞಾನ ಕಲಿತವನು. ಅವ್ವ ಆ ಜಾಗದ ಹೆಸರನ್ನೂ ಬಾಯಲ್ಲಿ ತರುತ್ತಿರಲಿಲ್ಲ, ‘ಆಚೀಕಡಿ’ ಎನ್ನುತ್ತಿದ್ದಳು. ದಸರೆಗೆ ಸ್ವಲ್ಪ ಮುಂಚೆ ಅವನು ಬಾಟಲಿ ತಂಪಾಗಿಡಲು ಕರೆಂಟಿನ ದೊಡ್ಡದೊಂದು ಬಿಯರ್ ಪೆಟ್ಟಿಗೆ ತರಿಸಿ ನಮ್ಮ ಗೋಡೆಯ ಆ ಬದಿಗೆ ಇಟ್ಟಿದ್ದ. ಮೇಲಿನಿಂದ ಮುಚ್ಚಳ ತೆಗೆಯುವ, ಸೊಂಟದೆತ್ತರದ ಪೆಟ್ಟಿಗೆ. ಅದರ ಗುರ್ ಗುರ್ ಸದ್ದು ನನಗೂ ಕೂಸಿಗೂ ಜೋಗುಳವಾಗಿತ್ತು.

ಕೂಸಿಗೆ ತಿಂಗಳು ತುಂಬುವ ಹೊತ್ತಿಗೆ ಗೋಡೆಯ ಬುಡ ತೇವವಾಯಿತು. ಮೊದಲು ಅಂಗೈಯಷ್ಟು. ನಾಲ್ಕು ದಿನದಲ್ಲಿ ಹೊರಸಿನ ಉದ್ದಕ್ಕೂ ಹಬ್ಬಿತು. ಮಣ್ಣು ಉಬ್ಬಿ ಉದುರತೊಡಗಿತು.

ಅವ್ವ ಒಂದು ಕ್ಷಣವೂ ಯೋಚಿಸಲಿಲ್ಲ. "ಇದು ನಿನ್ನ ಜಳಕದ ನೀರ ಬೇ" ಎಂದಳು.

ಬಾಣಂತಿಯ ಜಳಕವೆಂದರೆ ಎರಡು ಹಂಡೆ ಸುಡುಸುಡು ನೀರು. ನಡು, ಬೆನ್ನು, ತೊಡೆ ಎಲ್ಲ ಸಡಿಲಾಗಿ ಬಿದ್ದ ಹೆಣ್ಣಿಗೆ ದಿನದಲ್ಲಿ ಅದೊಂದೇ ಸುಖ. ಮೊದಲು ಅದು ಒಂದು ಹಂಡೆಯಾಯಿತು. ಆಮೇಲೆ ನಾಲ್ಕು ತಂಬಿಗೆ. ಕೊನೆಗೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳುವುದಕ್ಕೆ ಬಂದು ನಿಂತಿತು. ಅಪ್ಪ ಗೌಂಡಿಯನ್ನು ಕರೆಸಿ ಬಚ್ಚಲಿಗೆ ಸಿಮೆಂಟು ಬಳಿಸಿದರು. ಗೋಡೆ ಮಾತ್ರ ದಿನದಿನಕ್ಕೆ ಒದ್ದೆಯಾಗುತ್ತಲೇ ಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಆ ಎಮ್ಮೆ ನಾನಾಗಿದ್ದೆ.

ಸುದ್ದಿ ಜೇವರ್ಗಿ ಮುಟ್ಟಿತು. ಅತ್ತೆ ಹೇಳಿ ಕಳಿಸಿದರು: "ಹಸಿ ಗ್ವಾಡಿ ಮಗ್ಗಲಕ ಹಸಿ ಕೂಸು ಬ್ಯಾಡ. ನಮ್ಮಲ್ಲಿ ಒಣಾ ಕ್ವಾಣಿ ಅದ. ಶುಕ್ರವಾರ ಬಂದು ಕರ್ಕೊಂಡು ಹೋಗ್ತೇವಿ."

ಮಾತು ನ್ಯಾಯವಾಗಿಯೇ ಇತ್ತು. ಅದಕ್ಕೇ ನನಗೆ ಸಿಟ್ಟು ಹೆಚ್ಚಾಯಿತು. ಆ ದಿನ ಅಪ್ಪನ ಮೇಲೆ, ಅವ್ವನ ಮೇಲೆ, ಏನೂ ಅರಿಯದ ಗಂಡನ ಮೇಲೆ, ಎಲ್ಲರ ಮೇಲೂ ಹರಿಹಾಯ್ದೆ.

ಹಗಲಿರುಳು ಆ ಗೋಡೆಯ ಪಕ್ಕದಲ್ಲಿ ಮಲಗಿದ್ದವಳು ನಾನೊಬ್ಬಳೇ. ಕೆಂಡ ಆರಿದ ಮೇಲೆ ಉಳಿದ ಇದ್ದಲಿ ತಗೊಂಡು ತೇವ ಏರಿದಲ್ಲಿಗೆ ಗೆರೆ ಎಳೆದಿಟ್ಟೆ. ಮಂಗಳವಾರ ಬೆಳಗಿನಿಂದ ಸಂಜೆಯವರೆಗೆ ಕರೆಂಟು ಇರಲಿಲ್ಲ. ಗುರ್ ಗುರ್ ನಿಂತಿತ್ತು. ಅಂದು ನನಗೆ ಒಂದು ತಂಬಿಗೆ ನೀರನ್ನೂ ಹಾಕಿರಲಿಲ್ಲ. ಆದರೂ ಸಂಜೆಗೆ ತೇವ ಗೆರೆ ದಾಟಿ ಗೇಣು ಮೇಲೆ ಏರಿತ್ತು.

ಆಗ ನನಗೆ ಹೊಳೆಯಿತು. ಪೆಟ್ಟಿಗೆಯ ಒಳಗೋಡೆಗೆ ಹಿಮ ಕಟ್ಟಿರಬೇಕು, ಕರೆಂಟು ಹೋದಾಗ ಅದು ಕರಗಿ ನೀರಾಗುತ್ತಿರಬೇಕು. ಗಾಳಿಯಲ್ಲಿರುವ ನೀರು ತಂಪು ತಗುಲಿದಲ್ಲಿ ಕೂಡಿಕೊಳ್ಳುತ್ತದೆಂದು ಎಂಟನೆಯ ತರಗತಿಯಲ್ಲಿ ನನಗೆ ಕಲಿಸಿದವರು ಅಪ್ಪನೇ. ಅವರಿಗೇ ಅದು ಹೊಳೆದಿರಲಿಲ್ಲ.

ನಾನು ಹೇಳಿದಾಗ ಅಪ್ಪ ತಲೆ ಕೆರೆದುಕೊಂಡರು. ವಿಚಾರಿಸಲು ಹೋದರು ನಿಜ, ಆದರೆ ಬಾರಿನ ಮೆಟ್ಟಿಲು ತುಳಿಯಲಿಲ್ಲ. ಎದುರಿನ ದರ್ಜಿ ಅಂಗಡಿಯ ಮುಂದೆ ನಿಂತು ಅವನು ಹೊರಗೆ ಬರುವವರೆಗೆ ಕಾದರು.

"ಪೆಟ್ಟಿಗಿ ಹೊಸಾದು ಅದರಿ ಸರ" ಎಂದನಂತೆ ಅವನು. "ಮುಂದ ಪರ್ಸಿ ನೆಲದ ಮ್ಯಾಲ ಒಂದು ಹನಿ ಇಲ್ರಿ. ಮಿಸ್ತ್ರಿ ಬಂದು ಗ್ಯಾಸ್ ಬರೋಬ್ಬರಿ ಅದ ಅಂದಾನ್ರಿ."

ಅಪ್ಪ ಅಷ್ಟಕ್ಕೇ ಸಮಾಧಾನಪಟ್ಟು ಮರಳಿದರು. ಮಕ್ಕಳಿಗೆ ಕಣ್ಣಾರೆ ಕಂಡದ್ದನ್ನೇ ನಂಬಿ ಎಂದು ಪಾಠ ಹೇಳುವ ಮನುಷ್ಯ. "ನೀವು ಒಳಗ ಹೋಗಿ ಹಿಂದ ನೋಡಿದ್ರೇನ್ರಿ?" ಎಂದು ಕೇಳಿದೆ. "ಹುಡುಗರು ನೋಡಿದ್ರ ಏನಂತಾರ ಬೇ" ಎಂದರು.

ನಾನು ಗೋಡೆಗೆ ಮುಖ ಮಾಡಿ ಅಳತೊಡಗಿದೆ. ಅವ್ವ ಬಾಗಿಲಲ್ಲಿ ನಿಂತು ನೋಡಿದಳು.

ಬುಧವಾರ ಬೆಳಿಗ್ಗೆ ಅವ್ವ ಒಂದು ತಂಬಿಗೆ ನೀರಿಗೆ ಹಿಡಿ ಅರಿಷಿಣ ಕಲಸಿದಳು. ತಲೆ ತುಂಬ ಸೆರಗು ಹೊದ್ದಳು. "ಗ್ವಾಡಿ ಬುಡಕ್ಕ ಕಣ್ಣಿಟ್ಟು ನೋಡ್ತಿರು" ಎಂದು ಹೇಳಿ ಹೊರಟಳು. ಎಲ್ಲಿಗೆಂದು ಕೇಳುವಷ್ಟರಲ್ಲಿ ಅಂಗಳ ದಾಟಿದ್ದಳು.

ಸ್ವಲ್ಪ ಹೊತ್ತಿನಲ್ಲಿ ಗೋಡೆಯಾಚೆಯಿಂದ ಅವ್ವನ ದನಿ ಕೇಳಿತು. ಕಿವಿಗೆ ಕಟ್ಟಿದ್ದ ಬಟ್ಟೆ ಸರಿಸಿ ಗೋಡೆಗೆ ಕಿವಿ ಹಚ್ಚಿದೆ.

"ತಮ್ಮಾ, ಮುಚ್ಚಳ ತಗಿ."

"ಅಕ್ಕಾರ, ನೀವ್ಯಾಕ ಇಲ್ಲಿ ಬಂದ್ರಿ? ಹೇಳಿ ಕಳಸಿದ್ರ ನಾನ ಮನಿಗಿ ಬರ್ತಿದ್ದೆ."

"ನೀ ಬಂದ್ರ ಪೆಟ್ಟಿಗಿ ಬರ್ತದೇನು? ತಗಿ."

ಬಾಟಲಿಗಳು ಒಂದಕ್ಕೊಂದು ತಾಗಿದ ಸದ್ದು. ಆಮೇಲೆ ಅವ್ವ ಕೇಳಿದಳು: "ತಳದಾಗ ಇಷ್ಟು ನೀರು ಯಾಕ ನಿಂತದ?"

"ಇರ್ಲಿ ಅಂತ ಬಿಟ್ಟೇನ್ರಿ. ನೀರಾಗ ನಿಂತ್ರ ಬಾಟ್ಲಿ ತಂಪಿರ್ತಾವಲ್ರಿ."

ಅವ್ವ ತನ್ನ ಅರಿಷಿಣದ ನೀರು ಸುರಿದ ಸದ್ದು ಕೇಳಿತು. ನಾನು ಗೋಡೆಯ ಬುಡ ನೋಡುತ್ತ ಕೂತೆ. ಕೂಸು ಎರಡು ಸಲ ಹಾಲು ಕುಡಿದು ಮಲಗಿತು. ಆಚೆ ಅವ್ವ ಕುಳಿತೇ ಇದ್ದಳು. ಹಗಲು ಹೊತ್ತಿನಲ್ಲಿ, ಬಾರಿನೊಳಗೆ, ನಮ್ಮವ್ವ. ಕೊನೆಗೆ ಇದ್ದಲಿ ಗೆರೆಯ ಕೆಳಗೆ, ಎರಡು ಕಲ್ಲುಗಳ ಸಂದಿನಲ್ಲಿ, ತೆಳ್ಳಗೆ ಹಳದಿ ಬಣ್ಣ ಇಣುಕಿತು.

ನಾನು ಗೋಡೆ ಗುದ್ದಿದೆ. "ಅವ್ವಾ, ಬಂತು."

ಮುಂದಿನದನ್ನೂ ಕಿವಿಯಿಂದಲೇ ಕಂಡೆ. ಅವ್ವ ಬಾಟಲಿಗಳನ್ನೆಲ್ಲ ತೆಗೆಸಿದಳು. ತಳದ ಮೂಲೆಯಲ್ಲಿ ನೀರು ಹೋಗಲು ಒಂದು ತೂತಿತ್ತಂತೆ. ಅವ್ವ ಕಸಬರಿಗೆಯ ಕಡ್ಡಿ ಹಾಕಿ ಕೆದಕಿದಳು. ಹೊರಗೆ ಬಂದದ್ದು ಕೊಳೆತ ಚೆಂಡು ಹೂವಿನ ಎಸಳು, ಅಕ್ಕಿಕಾಳು, ಕುಂಕುಮದ ರಾಡಿ. ದಸರೆಗೆ ಹೊಸ ಪೆಟ್ಟಿಗೆಯ ಪೂಜೆ ಮಾಡಿದವನು ಹೊರಗಷ್ಟೇ ಅಲ್ಲ, ಒಳಗೂ ಹೂವು ಅಕ್ಷತೆ ಹಾಕಿದ್ದ. ಅದೆಲ್ಲ ತೂತಿಗೆ ಹೋಗಿ ಕೂತು, ನೀರು ತಳದಲ್ಲಿ ನಿಂತು, ಹಿಂದಿನ ಬೆಸುಗೆಯ ಬಿರುಕಿನಿಂದ ಸೋರಿ, ಹಿಂದಕ್ಕೆ ಇಳಿಜಾರಾಗಿದ್ದ ಪರ್ಸಿಯ ಮೇಲೆ ಹರಿದು ನಮ್ಮ ಗೋಡೆ ಸೇರುತ್ತಿತ್ತು. ಮುಂದೆ ಹನಿ ಕಾಣುವುದಾದರೂ ಹೇಗೆ?

"ಈ ಹೂವು ಎಲ್ಲಿವು ತಮ್ಮಾ?"

"ನಿಮ್ಮ ಹಿತ್ತಲದಾಗಿನವು ಅವರಿ ಅಕ್ಕಾರ. ನಮ್ಮ ಮನಿಯಾಕಿ ಕೇಳಿದ್ಲು, ನೀವ ಬುಟ್ಟಿ ತುಂಬ ಕೊಟ್ಟಿದ್ರಿ."

ಆಚೆ ಅವ್ವನ ಕಡ್ಡಿ ಮತ್ತೆ ಜೋರಾಗಿ ಕೆದಕತೊಡಗಿತು. ಈಚೆ ನಾನು ಹೊಲಿಗೆ ಬಿಚ್ಚಿಕೊಂಡೀತೆಂದು ಹೊಟ್ಟೆ ಹಿಡಿದುಕೊಂಡು ನಕ್ಕೆ. ಪಾಪ, ಅವನು ಅಂದೇ ಬೆಸುಗೆ ಹಾಕಿಸಿ ಪೆಟ್ಟಿಗೆಯನ್ನು ಎದುರಿನ ಗೋಡೆಗೆ ಸರಿಸಿದ.

ಶುಕ್ರವಾರ ಹೇಳಿದಂತೆಯೇ ಅತ್ತೆ ಜೀಪು ತಂದರು. ನೇರ ಕೋಣೆಗೆ ಬಂದು ಗೋಡೆಗೆ ಅಂಗೈ ಇಟ್ಟರು. ಇನ್ನೂ ಹಸಿಯೇ ಇತ್ತು. ಎರಡು ದಿನದಲ್ಲಿ ತೇವ ಏರಿದ್ದಲ್ಲಿಂದ ನಾಲ್ಕು ಬೆರಳಷ್ಟೇ ಇಳಿದಿತ್ತು. ಇದು ಜಳಕದ ನೀರಲ್ಲ, ಸೋರುವುದು ನಿಂತಿದೆ ಎಂದಳು ಅವ್ವ.

"ಜಳಕದ ನೀರು ಅಲ್ಲಂತ ನಿಮಗ ಹೆಂಗ ಗೊತ್ತಾತು?" ಎಂದು ಅವ್ವನನ್ನು ಕೇಳಿದರು.

ಅಪ್ಪ ಗಂಟಲು ಸರಿಪಡಿಸಿಕೊಂಡು ಏನೋ ಶುರು ಮಾಡಿದರು. ಬೀಗಿತ್ತಿಯ ಎದುರು ಬಾರಿನ ಮಾತು ಬರಬಾರದೆಂದು ಅವರ ಆಸೆ. ಅವ್ವ ತಡೆದಳು.

"ಆಚೀಕಡಿ ಬಾರ್ ಅದರಿ. ನಾನ ಒಳಗ ಹೋಗಿ ನೋಡಿ ಬಂದೇನಿ" ಎಂದಳು. ಆ ಶಬ್ದವನ್ನು ಅವ್ವನ ಬಾಯಲ್ಲಿ ಕೇಳಿದ್ದು ಅದೇ ಮೊದಲು.

ಅತ್ತೆ ಅವ್ವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಅವರು ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಎರಡು ಹಂಡೆ ನೀರು ಕಾಯಿಸ್ರಿ. ನಾನ ಹಾಕಿ ನೋಡ್ತೇನಿ."

ನನ್ನನ್ನು ಬಚ್ಚಲಲ್ಲಿ ಕೂರಿಸಿ ಅತ್ತೆ ತಂಬಿಗೆಯ ಮೇಲೆ ತಂಬಿಗೆ ನೀರು ಸುರಿದರು. ಒಂದೊಂದು ತಂಬಿಗೆಗೂ ತಿರುಗಿ ಗೋಡೆ ನೋಡುವರು. ಅವ್ವ ಗೆರೆಯ ಹತ್ತಿರ ಕುಳಿತು ಕಾಯುತ್ತಿದ್ದಳು. ಒಂದು ಹಂಡೆ ಮುಗಿಯಿತು, ಎರಡನೆಯದೂ ಮುಗಿಯಿತು. ಇಬ್ಬರೂ ಅಲ್ಲೇ ಕೂತು ಒಂದೊಂದು ವಾಟೆ ಚಹಾ ಕುಡಿದು ಮತ್ತೆ ನೋಡಿದರು. ತೇವ ಒಂದು ಕೂದಲೆಳೆಯಷ್ಟೂ ಏರಿರಲಿಲ್ಲ.

"ಇಲ್ಲೇ ಇರ್ಲಿ ಬಿಡ್ರಿ" ಎಂದರು ಅತ್ತೆ. "ಕೆಂಡ ಒಂದೀಟು ಗ್ವಾಡಿ ಕಡಿ ಸರಸ್ರಿ."

ಹತ್ತು ದಿನದಿಂದ ಬಿಗಿದುಕೊಂಡಿದ್ದ ನನ್ನ ಬೆನ್ನು ಆಗ ಸಡಿಲವಾಯಿತು. ನಮ್ಮಿಬ್ಬರನ್ನು ಬಿಟ್ಟು ಅತ್ತೆಯ ಜೀಪು ಜೇವರ್ಗಿಯ ದಾರಿ ಹಿಡಿದ ಸದ್ದು ಕೇಳುತ್ತ ನಾನು ಕೂಸಿನ ಪಕ್ಕದಲ್ಲಿ ಮಲಗಿದೆ, ಸಂಜೆಯವರೆಗೆ ಏಳಲಿಲ್ಲ.